ಕಿವಿಯ ಗೋಡೆಯಲ್ಲೊಂದು ಕಿಂಡಿ

(ದತ್ತಿ ಉಪನ್ಯಾಸದ ಪಠ್ಯ)

ಪಕ್ಕದವರು ನೋಡಿ ನಕ್ಕರೂ ಚಿಂತೆಯಿಲ್ಲ ಎನ್ನುವ ಸಭಿಕರು ಕೂತಲ್ಲೇ ಒಂದು ಪ್ರಯೋಗ ಮಾಡಬಹುದು. ಕಿರುಬೆರಳಿನ ತುದಿಯನ್ನು ಮೆಲ್ಲಗೆ ಕಿವಿಯೊಳಗಿಟ್ಟು, ಅದರ ಮೆತ್ತನೆಯ ಭಾಗ ಮುಖದ ಕಡೆಗೆ ಬರುವಂತೆ ತಿರುಗಿಸಿ, ಬಾಯಿಯನ್ನು ಅಗಲವಾಗಿ ತೆರೆದು ಮುಚ್ಚಬೇಕು. ತೆರೆದಾಗ ಏನೋ ಮುಂದಕ್ಕೆ ಜಾರಿ ಹೋಗುತ್ತದೆ, ಮುಚ್ಚಿದಾಗ ಹಿಂದಿರುಗಿ ಬೆರಳಿಗೆ ತಾಗುತ್ತದೆ. ಅದು ಕೆಳದವಡೆಯ ಮೂಳೆಯ ತಲೆ. ಚಕ್ಕುಲಿ ಕಡಿಯುವಾಗ, ಆಕಳಿಸುವಾಗ, ಜಗಳವಾಡುವಾಗ ಅದು ಕಿವಿಯ ಪಕ್ಕದಲ್ಲೇ ಓಡಾಡುತ್ತಿರುತ್ತದೆ. ದಿನಕ್ಕೆ ಸಾವಿರಾರು ಬಾರಿ ಹೀಗೆ ಹೋಗಿ ಬರುವ ನೆರೆಮನೆಯವನ ಸದ್ದು ಕಿವಿಗೆ ಕೇಳಿಸದಿರುವುದೇ ಸೋಜಿಗ.

ಕೆಲವರಿಗೆ ಕೇಳಿಸುತ್ತದೆ. ಕಿವಿ-ಮೂಗು-ಗಂಟಲು ವೈದ್ಯರ ಮುಂದೆ ಕೂತು ಅವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು: “ಊಟ ಮಾಡೋವಾಗ ಕಿವಿಯೊಳಗೆ ಟಕ್ ಟಕ್ ಅನ್ನುತ್ತೆ ಡಾಕ್ಟ್ರೇ, ಬಾಯಿ ಮುಚ್ಚಿದ್ರೆ ಕಿವಿಗೆ ಯಾರೋ ಹತ್ತಿ ತುರುಕಿದ ಹಾಗಾಗುತ್ತೆ.” ವೈದ್ಯರು ದೀಪ ಹಿಡಿದು ನೋಡುತ್ತಾರೆ. ಒಮ್ಮೊಮ್ಮೆ ಏನೂ ಕಾಣುವುದಿಲ್ಲ. ಒಮ್ಮೊಮ್ಮೆ ಕಿವಿನಾಳದ ಮುಂಗೋಡೆಯಲ್ಲಿ ಅವರೆಕಾಳಿಗಿಂತ ಸಣ್ಣದಾದ, ನುಣುಪಾದ ಉಬ್ಬು ಕಾಣುತ್ತದೆ. “ಕಿವಿಯಲ್ಲಿ ದುರ್ಮಾಂಸ ಬೆಳೆದಿದೆ” ಎಂದು ಚೀಟಿ ಬರೆಯುವ ಆಸೆ ಹುಟ್ಟುವುದು ಅಲ್ಲೇ. ಆ ಉಬ್ಬು ಬೆಳೆದ ಮಾಂಸವಾಗಿರದೆ, ಪಕ್ಕದ ಕೀಲಿನಿಂದ ಗೋಡೆ ದಾಟಿ ಬಂದ ಅಂಗಾಂಶವೂ ಆಗಿರಬಹುದು ಎಂಬುದೇ ಈ ಉಪನ್ಯಾಸದ ವಿಷಯ. ವೈದ್ಯಕೀಯ ಪುಸ್ತಕಗಳಲ್ಲಿ ಇದರ ಹೆಸರು ಉದ್ದವಾಗಿದೆ: ದವಡೆ ಕೀಲು ಕಿವಿನಾಳಕ್ಕೆ ಹರ್ನಿಯಾ ಆಗುವುದು. ಹೊಟ್ಟೆಯ ಗೋಡೆ ಸಡಿಲವಾದಲ್ಲಿ ಕರುಳು ಹೊರಗೆ ತಲೆಹಾಕುವ ಹರ್ನಿಯಾ ಎಲ್ಲರಿಗೂ ಗೊತ್ತು. ಇಲ್ಲಿ ಗೋಡೆ ಮೂಳೆಯದು, ಅಷ್ಟೇ.

ಗೋಡೆಗೂ ಕಿವಿಯುಂಟು ಎನ್ನುವುದು ಗಾದೆ. ಕಿವಿಗೂ ಗೋಡೆಯುಂಟು, ಆ ಗೋಡೆ ಎಲ್ಲರಲ್ಲೂ ಪೂರ್ತಿ ಕಟ್ಟಿಲ್ಲ ಎನ್ನುವುದು ಅಂಗರಚನಾ ಶಾಸ್ತ್ರ. ದೊಡ್ಡವರ ಕಿವಿನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಮೂಳೆ. ಈ ಮೂಳೆನಾಳದ ಮುಂಗೋಡೆಯೇ ದವಡೆ ಕೀಲಿಗೆ ಹಿಂಗೋಡೆ. ಎರಡು ಮನೆಗೆ ಒಂದೇ ಗೋಡೆಯಿರುವ ಹಳೆಯ ವಠಾರದ ಹಾಗೆ. ಗೋಡೆಯೂ ದಪ್ಪವಲ್ಲ, ಕೆಲವು ತಲೆಬುರುಡೆಗಳನ್ನು ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಈಚೆ ಮಂಕಾಗಿ ಕಾಣುವಷ್ಟು ತೆಳು.

ಹುಟ್ಟುವಾಗ ಈ ಗೋಡೆ ಇರುವುದೇ ಇಲ್ಲ. ಹಸುಗೂಸಿನಲ್ಲಿ ಇರುವುದು ಮೇಲ್ಗಡೆ ತೆರೆದ, ಲಾಳದ ಆಕಾರದ ಒಂದು ಮೂಳೆಬಳೆ. ಕಿವಿಯ ತಮಟೆ ಅದಕ್ಕೆ ಬಿಗಿದುಕೊಂಡಿರುತ್ತದೆ. ಮೊದಲ ವರ್ಷದಲ್ಲಿ ಬಳೆಯ ಮುಂದಿನಿಂದೊಂದು, ಹಿಂದಿನಿಂದೊಂದು ಮೂಳೆಯ ಮೊಳಕೆ ಹೊರಟು ನಡುವೆ ಸೇರುತ್ತವೆ. ಸೇರಿದ ಜಾಗದ ಮೇಲೆ ಉಳಿಯುವ ತೂತು ಕಿವಿನಾಳವಾಗುತ್ತದೆ. ಕೆಳಗೆ ಉಳಿಯುವ ಇನ್ನೊಂದು ತೂತು ಮಗುವಿಗೆ ಐದು ವರ್ಷವಾಗುವ ಹೊತ್ತಿಗೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ಹರಳೆಣ್ಣೆ ಹಚ್ಚಿ ಕಾಪಾಡುವ ನೆತ್ತಿಯ ಸುಳಿ ಮನೆಮಂದಿಗೆಲ್ಲ ಗೊತ್ತು. ಮುಚ್ಚಲೆಂದೇ ಕಾದಿರುವ ಈ ಇನ್ನೊಂದು ಸುಳಿಯ ವಿಚಾರ ಯಾವ ಅಜ್ಜಿಗೂ ಗೊತ್ತಿರಲಾರದು.

ಇದನ್ನು ಬರೆದಿಟ್ಟವರು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಎಮಿಲ್ ಹುಶ್ಕೆ. ಜನನ 1797, ಮರಣ 1858. ಅವರ ಹೆಸರಿನಲ್ಲಿ ಇದು ಇಂದಿಗೂ ‘ಹುಶ್ಕೆ ರಂಧ್ರ’. ಮೂಳೆಯ ಬೇರೆ ರಂಧ್ರಗಳಲ್ಲಿ ನರವೋ ರಕ್ತನಾಳವೋ ಹಾದುಹೋಗುತ್ತದೆ. ಇದರಲ್ಲಿ ಏನೂ ಹೋಗುವುದಿಲ್ಲ. ಇದು ಕಟ್ಟುವುದು ಬಾಕಿ ಉಳಿದ ಜಾಗ. ಹುಶ್ಕೆಯವರ ಮಗಳು ಆಗ್ನೆಸ್‌ಳನ್ನು ಮುಂದೆ 1867ರಲ್ಲಿ ಮದುವೆಯಾದವರು ಅರ್ನ್ಸ್ಟ್ ಹೆಕೆಲ್, ಭ್ರೂಣಗಳ ಚಿತ್ರಗಳಿಂದ ಜೀವಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಕೀರ್ತಿಯನ್ನೂ ವಿವಾದವನ್ನೂ ಗಳಿಸಿದವರು. ಮಾವ ರಂಧ್ರ ಗುರುತಿಸಿದ ಈ ಮೂಳೆಯ ಪೂರ್ವಕಥೆ ಅಳಿಯ ಪ್ರಚಾರ ಮಾಡಿದ ವಿಕಾಸವಾದಕ್ಕೆ ಬೇಕಾದ ಸೊಗಸಾದ ಸಾಕ್ಷಿ ಎನ್ನುವುದು ಒಂದು ಚಂದದ ಕಾಕತಾಳೀಯ.

ಆ ಪೂರ್ವಕಥೆ ಹೀಗಿದೆ. ಸರೀಸೃಪಗಳ ಕೆಳದವಡೆಯಲ್ಲಿ ಹಲವು ಮೂಳೆಗಳಿವೆ. ಸಸ್ತನಿಗಳಿಗೆ ಬರುವಷ್ಟರಲ್ಲಿ ಕೆಳದವಡೆಗೆ ಒಂದೇ ಮೂಳೆ ಉಳಿಯಿತು, ಮಿಕ್ಕವುಗಳಲ್ಲಿ ಕೆಲವು ಕಿವಿಗೆ ವಲಸೆ ಹೋದವು. ಹಳೆಯ ದವಡೆ ಕೀಲಿನ ಎರಡು ಮೂಳೆಗಳು ನಮ್ಮ ನಡುಗಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳಾದವು. 1837ರಲ್ಲಿ ಜರ್ಮನ್ ಅಂಗರಚನಾ ತಜ್ಞ ಕಾರ್ಲ್ ರೈಖರ್ಟ್ ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ ಈ ನಂಟನ್ನು ತೋರಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅರ್ನ್ಸ್ಟ್ ಗೌಪ್ ಅದನ್ನು ವಿಸ್ತರಿಸಿ ಗಟ್ಟಿಗೊಳಿಸಿದರು. ತಮಟೆಯನ್ನು ಹಿಡಿದಿರುವ ಲಾಳದ ಮೂಳೆಯೂ ಒಂದು ಕಾಲಕ್ಕೆ ದವಡೆಯದೇ. ಅಂದರೆ ದವಡೆಗೂ ಕಿವಿಗೂ ನಡುವೆ ಗೋಡೆಯಾಗಿ ನಿಂತಿರುವುದು ದವಡೆ ಬಿಟ್ಟು ಬಂದ ಮೂಳೆ. ದಾಯಾದಿಗಳ ನಡುವಿನ ಬೇಲಿ ಎನ್ನಬೇಕು.

ದೊಡ್ಡವರಾದ ಮೇಲೂ ಹುಶ್ಕೆಯವರ ಈ ಕಿಂಡಿ ಎಷ್ಟು ಜನರಲ್ಲಿ ಉಳಿದಿರುತ್ತದೆ? ಒಣ ತಲೆಬುರುಡೆಗಳನ್ನು ಎಣಿಸಿದವರ ಲೆಕ್ಕವೇ ಬೇರೆ, ಸಿಟಿ ಸ್ಕ್ಯಾನ್ ನೋಡಿದವರ ಲೆಕ್ಕವೇ ಬೇರೆ. ನೂರಕ್ಕೆ ಸುಮಾರು 5ರಿಂದ ಹಿಡಿದು 20ರ ಆಸುಪಾಸಿನವರೆಗೆ ಅಂಕಿಗಳು ಬಂದಿವೆ. ಹೆಂಗಸರಲ್ಲಿ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅತಿ ಸಣ್ಣ ಲೆಕ್ಕ ಹಿಡಿದರೂ ಈ ಸಭಾಂಗಣದಲ್ಲಿ ಕಿಂಡಿಯ ಕಿವಿಯವರು ಒಂದಿಬ್ಬರು ಇದ್ದಾರು. ಅವರು ಗಾಬರಿಯಾಗಬೇಕಿಲ್ಲ. ಕಿಂಡಿಯಿದ್ದವರಲ್ಲಿ ಬಹುಪಾಲು ಜನಕ್ಕೆ ಜೀವನಪೂರ್ತಿ ಅದರ ಸುಳಿವೇ ಸಿಗುವುದಿಲ್ಲ. ಕಿಂಡಿಯ ಮೂಲಕ ಕೀಲಿನ ಅಂಗಾಂಶ ಹೊರಬರುವುದು ಅಪರೂಪ. ವೈದ್ಯಕೀಯ ಪತ್ರಿಕೆಗಳಲ್ಲಿ ಇಂದಿಗೂ ಒಂದೊಂದೇ ರೋಗಿಯ ಕಥೆಯಾಗಿ ಅದು ಅಚ್ಚಾಗುತ್ತದೆ.

ಆ ಕಥೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ಚಿತ್ರ ಮೂಡುತ್ತದೆ. ಬಂದವರು ಹೆಚ್ಚಾಗಿ ನಡುವಯಸ್ಸಿನವರು ಅಥವಾ ಅದನ್ನು ದಾಟಿದವರು. ಹುಟ್ಟಿನಿಂದಲೇ ಇದ್ದ ಕಿಂಡಿ ತೊಂದರೆ ಕೊಡಲು ಅಷ್ಟು ವರ್ಷ ಕಾಯುವುದೇಕೆ? ಅಗಿಯುವ ಒತ್ತಡ ವರ್ಷಗಟ್ಟಲೆ ಬಿದ್ದು ಕಿಂಡಿಯ ಅಂಚು ಸವೆಯುತ್ತದೆ, ಅದನ್ನು ಮುಚ್ಚಿದ್ದ ಪೊರೆ ಸಡಿಲವಾಗುತ್ತದೆ ಎಂಬುದು ಒಪ್ಪುವಂಥ ವಿವರಣೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಕೀಲಿನ ಹಿಂಬದಿಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ಅಂಗಾಂಶವಿದೆ. ಬಾಯಿ ಮುಚ್ಚಿದಾಗ ದವಡೆಯ ತಲೆ ಹಿಂದೆ ಸರಿದು ಅದನ್ನು ಅದುಮುತ್ತದೆ. ಅದು ಕಿಂಡಿಯಿಂದ ಕಿವಿಯೊಳಗೆ ಉಬ್ಬುತ್ತದೆ. ತೆರೆದಾಗ ದವಡೆಯ ತಲೆ ಸೆಂಟಿಮೀಟರಿಗೂ ಹೆಚ್ಚು ಮುಂದಕ್ಕೆ ಜಾರುತ್ತದೆ. ಉಬ್ಬು ಒಳಗೆ ಎಳೆದುಕೊಳ್ಳುತ್ತದೆ. ಟಕ್ ಎನ್ನುವ ಸದ್ದು ಈ ಹೋಗಿಬರುವಿಕೆಯದು.

ಮಿಕ್ಕ ಲಕ್ಷಣಗಳೂ ಇದರಿಂದಲೇ ಹುಟ್ಟುತ್ತವೆ. ಉಬ್ಬು ನಾಳವನ್ನು ತುಂಬಿಕೊಂಡರೆ ಕಿವಿ ಗವ್ವೆನ್ನುತ್ತದೆ, ಕೇಳುವುದು ಸ್ವಲ್ಪ ಮಂದವಾಗುತ್ತದೆ, ಕೆಲವರಿಗೆ ಗುಂಯ್‌ಗುಟ್ಟುತ್ತದೆ. ಉಬ್ಬಿನ ಚರ್ಮ ತಿಕ್ಕಿ ಕೆರಳಿದರೆ ನೋವು. ಚರ್ಮ ಹರಿದು ತೂತಾದರೆ ಕೀಲಿನ ದ್ರವ ಕಿವಿಯಿಂದ ಜಿನುಗುತ್ತದೆ. ಆಗ ಮನೆಯಲ್ಲಿ “ಕಿವಿ ಸೋರ್ತಾ ಇದೆ” ಎಂಬ ತೀರ್ಮಾನವಾಗಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೆಚ್ಚಗೆ ಒಳಗಿಳಿಯುತ್ತದೆ. ಸೋರುವ ಕಿವಿಗೆ ಎಣ್ಣೆ ಬಿಡುವುದು ಯಾವ ಕಾಲಕ್ಕೂ ಒಳ್ಳೆಯದಲ್ಲ. ಇಂಥ ತೂತಿರುವ ಕಿವಿಗೆ ಬಿಟ್ಟ ಎಣ್ಣೆ ಕೀಲಿನತ್ತಲೇ ದಾರಿ ಹಿಡಿಯಬಹುದು.

ಸೋರುವಿಕೆಯ ಹೊತ್ತು ಮುಖ್ಯ. ನೆಗಡಿಯ ಬೆನ್ನಿಗೆ ಸೋರುವ ಕಿವಿ ಬೇರೆ, ಊಟಕ್ಕೆ ಕೂತಾಗ ಮಾತ್ರ ತಿಳಿನೀರು ಜಿನುಗುವ ಕಿವಿ ಬೇರೆ. ಎರಡನೆಯದರಲ್ಲೂ ಎರಡು ಬಗೆಯಿದೆ. ಕೆನ್ನೆಯ ಹಿಂದಿರುವ ದೊಡ್ಡ ಜೊಲ್ಲುಗ್ರಂಥಿಯ ಒಂದು ತುಣುಕು ಈ ಕಿಂಡಿಯ ಸಮೀಪದಲ್ಲೇ ಇದೆ; ಅಪರೂಪಕ್ಕೆ ಜೊಲ್ಲೇ ಕಿಂಡಿ ಹಾದು ಕಿವಿಯಿಂದ ಹೊರಬರುತ್ತದೆ. ಅಗಿಯದೆ ಬರೀ ನಿಂಬೆಹೋಳು ಚೀಪಿದಾಗ ಕಿವಿ ಒದ್ದೆಯಾದರೆ ಜೊಲ್ಲಿನ ಮೇಲೆ ಅನುಮಾನ; ರುಚಿಯಿಲ್ಲದ್ದನ್ನು ಅಗಿದರೂ ಒದ್ದೆಯಾದರೆ ಕೀಲಿನ ಮೇಲೆ. ಅನುಮಾನ ತೀರಿಸಲು ಪ್ರಯೋಗಾಲಯವಿದೆ. ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವ ಯಥೇಚ್ಛವಾಗಿರುತ್ತದೆ, ಕೀಲಿನ ದ್ರವದಲ್ಲಿ ಹಾಗಿಲ್ಲ. ತಲೆಗೆ ಪೆಟ್ಟು ಬಿದ್ದವರಲ್ಲಿ ತಿಳಿನೀರು ಸುರಿದರೆ ಅದು ಮಿದುಳಿನ ಸುತ್ತಲ ದ್ರವವಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅಲ್ಲಿ ತಡವಾದರೆ ಅಪಾಯ ದೊಡ್ಡದು.

ಈ ಕಾಯಿಲೆ ತಪ್ಪಿಸಿಕೊಳ್ಳುವುದು ವೈದ್ಯರು ನೋಡುವ ಭಂಗಿಯಿಂದ. 1855ರಲ್ಲಿ ಜರ್ಮನ್ ವೈದ್ಯ ಟ್ರೋಲ್ಚ್ ನಡುವೆ ತೂತಿರುವ ಕನ್ನಡಿಯಿಂದ ಬೆಳಕನ್ನು ಕಿವಿಯೊಳಗೆ ಹಾಯಿಸಿ ತೋರಿಸಿದ ಮೇಲೆ ಕಿವಿ ಪರೀಕ್ಷೆ ಬಹಳ ಮುಂದುವರಿದಿದೆ. ಈಗ ಎಂಡೋಸ್ಕೋಪಿನ ಚಿತ್ರ ಗೋಡೆಯ ಪರದೆಯ ಮೇಲೆ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಪದ್ಧತಿ ಮಾತ್ರ ಬದಲಾಗಿಲ್ಲ. “ಅಲ್ಲಾಡಬೇಡಿ” ಎನ್ನುತ್ತಾರೆ. ರೋಗಿ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ಕೂರುತ್ತಾರೆ. ಅಲ್ಲಾಡದ ಕಿವಿಯಲ್ಲಿ ಉಬ್ಬು ಬರೀ ಉಬ್ಬು. ಅದೇ ದೀಪ ಹಿಡಿದುಕೊಂಡೇ “ಬಾಯಿ ತೆಗೀರಿ… ಮುಚ್ಚಿ… ಇನ್ನೊಮ್ಮೆ” ಎಂದರೆ, ದುರ್ಮಾಂಸ ಎಂದುಕೊಂಡದ್ದು ಕಣ್ಣೆದುರೇ ಗೋಡೆಯೊಳಗೆ ಮಾಯವಾಗಿ ಮತ್ತೆ ಇಣುಕುತ್ತದೆ. ನಿಜವಾದ ದುರ್ಮಾಂಸ, ಅಂದರೆ ಪಾಲಿಪ್, ಬಾಯಿ ತೆರೆದರೆ ಓಡಿಹೋಗುವುದಿಲ್ಲ. ಹತ್ತು ಸೆಕೆಂಡಿನ, ಹಣ ಖರ್ಚಿಲ್ಲದ ಈ ಪರೀಕ್ಷೆಯನ್ನು ಪಾಠಪುಸ್ತಕಗಳು ಮೂಲೆಯ ಅಡಿಟಿಪ್ಪಣಿಗೆ ತಳ್ಳಿರುವುದು ಉಪನ್ಯಾಸಕಾರನ ದೃಷ್ಟಿಯಲ್ಲಿ ಅನ್ಯಾಯ.

ಈ ಪರೀಕ್ಷೆ ಮಾಡದೆ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಕಿವಿಯ ಪಾಲಿಪ್ ಕಂಡರೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದು ವಾಡಿಕೆ, ಅದು ಸರಿಯಾದ ವಾಡಿಕೆಯೂ ಹೌದು. ಕಿವಿನಾಳದಲ್ಲಿ ಕ್ಯಾನ್ಸರ್ ಹೀಗೇ ಬಚ್ಚಿಟ್ಟುಕೊಂಡಿರಬಹುದು, ಚರ್ಮದ ಪದರಗಳು ಗಂಟುಕಟ್ಟುವ ಕಾಲೆಸ್ಟಿಯಟೋಮ ಇರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಮೂಳೆ ತಿನ್ನುವ ಸೋಂಕು ಇರಬಹುದು. ಈ ಹರ್ನಿಯಾದಲ್ಲಿ ಮಾತ್ರ ಕತ್ತರಿಸಿದ್ದು ಕೀಲಿನ ಹೊದಿಕೆಯಾಗಿಬಿಡುತ್ತದೆ. ಮುಚ್ಚಿದ್ದ ಕೀಲು ಕಿವಿಗೆ ತೆರೆದುಕೊಳ್ಳುತ್ತದೆ. ಇಲ್ಲದ ಸೋರುವಿಕೆಯನ್ನು ವೈದ್ಯರೇ ತಂದಂತಾಗುತ್ತದೆ.

ಉಬ್ಬು ಓಡಾಡಿದ್ದು ಕಂಡಮೇಲೆ ಸಿಟಿ ಸ್ಕ್ಯಾನ್. ಇದರಲ್ಲೂ ಭಂಗಿಯದೇ ಮಾತು. ಕಿವಿಮೂಳೆಯ ಸ್ಕ್ಯಾನನ್ನು ಮಿಲಿಮೀಟರಿಗಿಂತ ತೆಳ್ಳನೆಯ ಪದರಗಳಲ್ಲಿ ತೆಗೆಯಬೇಕು. ಕಿಂಡಿ ಕೆಲವೇ ಮಿಲಿಮೀಟರಿನದು. ದಪ್ಪ ಪದರಗಳ ನಡುವೆ ಅದು ಸೋರಿಹೋಗುತ್ತದೆ. ಹುಡುಕಬೇಕಾದ ಜಾಗ ನಾಳದ ಮುಂದಿನ ಕೆಳಗೋಡೆ, ತಮಟೆಗೆ ಹತ್ತಿರ. ಒಮ್ಮೆ ಬಾಯಿ ಮುಚ್ಚಿ, ಒಮ್ಮೆ ತೆರೆದು ಸ್ಕ್ಯಾನ್ ಮಾಡಿಸಿದರೆ ಮೊದಲನೆಯದರಲ್ಲಿ ನಾಳದೊಳಗೆ ಅಂಗಾಂಶದ ಗುಬುಟು, ಎರಡನೆಯದರಲ್ಲಿ ಅದಿಲ್ಲದ ಬರಿಯ ನಾಳ. ತೆರೆದ ಬಾಯಿ ಅಲ್ಲಾಡದಿರಲೆಂದು ಹಲ್ಲುಗಳ ನಡುವೆ ಸಿರಿಂಜಿನ ಪ್ಲಾಸ್ಟಿಕ್ ಕೊಳವೆ ಇಡುವುದು ಸ್ಕ್ಯಾನ್ ಕೋಣೆಗಳ ಜುಗಾಡ್. ಕೆಲವೊಮ್ಮೆ ಕೀಲಿನೊಳಗೆ ಗಾಳಿಯ ಗುಳ್ಳೆ ಕಾಣುತ್ತದೆ. ಮುಚ್ಚಿದ ಕೀಲಿಗೆ ಗಾಳಿ ಬಂದದ್ದೆಲ್ಲಿಂದ ಎಂದು ಕೇಳಿಕೊಂಡರೆ ಕಿಂಡಿಯ ಜಾಡು ಸಿಕ್ಕಹಾಗೇ. ಉಬ್ಬಿರುವುದು ಯಾವ ಅಂಗಾಂಶ, ಕೀಲಿನ ನಡುವಿನ ತಟ್ಟೆ ಸ್ವಸ್ಥಾನದಲ್ಲಿದೆಯೇ ಎಂಬುದಕ್ಕೆ ಎಂಆರ್‌ಐ ಉತ್ತರ ಕೊಡುತ್ತದೆ.

ಕರ್ನಾಟಕದ ಆಸ್ಪತ್ರೆಗಳಲ್ಲಿ ಇದಕ್ಕೊಂದು ತೊಡಕು. ಅಡಿಕೆ, ಗುಟ್ಕಾ ಜಗಿದು ಬಾಯಿಯ ಒಳಪೊರೆ ನಾರುಗಟ್ಟಿ ಎರಡು ಬೆರಳೂ ತೂರದಷ್ಟು ಬಾಯಿ ಬಿಗಿದುಕೊಂಡವರು ಇಲ್ಲಿ ಕಡಿಮೆಯಿಲ್ಲ. ಅಂಥವರಿಗೆ ‘ಬಾಯಿ ತೆಗೀರಿ’ ಎನ್ನುವ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ, ಕಿವಿನೋವಿರುವ ಪ್ರತಿಯೊಬ್ಬರೂ ತಮ್ಮಲ್ಲಿ ಕಿಂಡಿ ಹುಡುಕಿಕೊಂಡು ಹೊರಟರೆ ಈ ಉಪನ್ಯಾಸದಿಂದ ಉಪಕಾರಕ್ಕಿಂತ ಉಪದ್ರವವೇ ಹೆಚ್ಚಾದೀತು. ದವಡೆಯ ತೊಂದರೆ ಕಿವಿಯಲ್ಲಿ ನೋಯಲು ಕಿಂಡಿ ಬೇಕಾಗಿಯೇ ಇಲ್ಲ. ಕೆಳದವಡೆಯ ನರದ ಒಂದೇ ಕವಲು ದವಡೆ ಕೀಲಿಗೂ ಕಿವಿನಾಳದ ಮುಂಗೋಡೆಗೂ ಹೋಗುತ್ತದೆ. ಒಂದೇ ತಂತಿಯಲ್ಲಿ ಎರಡು ಮನೆಯ ಕರೆಗಂಟೆ. ಯಾವ ಮನೆಯ ಬಾಗಿಲು ಬಡಿದರು ಎಂಬುದು ಮಿದುಳಿಗೆ ತಿಳಿಯದು. ಹುಳುಕು ದವಡೆಹಲ್ಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುವುದೂ ಇಂಥ ಹಂಚಿಕೆಯಿಂದ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯ ಜೇಮ್ಸ್ ಕಾಸ್ಟೆನ್ 11 ರೋಗಿಗಳನ್ನು ಆಧರಿಸಿ, ಕಿವಿ ಮುಚ್ಚಿದಂತಾಗುವುದು, ಗುಂಯ್‌ಗುಡುವುದು, ತಲೆಸುತ್ತು ಇವೆಲ್ಲ ದವಡೆ ಕೀಲಿನ ಕೆಡುಕಿನಿಂದ ಬರುತ್ತವೆ ಎಂದು ಬರೆದರು. ಹಿಂದಿನ ಹಲ್ಲುಗಳು ಬಿದ್ದುಹೋದರೆ ದವಡೆಯ ತಲೆ ಹಿಂದೆ ಸರಿದು ನರವನ್ನೂ ನಡುಗಿವಿಯಿಂದ ಗಂಟಲಿಗೆ ಹೋಗುವ ನಾಳವನ್ನೂ ಒತ್ತುತ್ತದೆ ಎಂಬುದು ಅವರ ವಾದ. ಅಂಗರಚನಾ ತಜ್ಞರು ಬುರುಡೆಗಳನ್ನು ಅಳೆದು ಆ ಒತ್ತುವಿಕೆ ಸಾಧ್ಯವಿಲ್ಲ ಎಂದು ತಳ್ಳಿಹಾಕಿದರು. ವಾದ ಬಿತ್ತು, ರೋಗಿಗಳ ದೂರು ಬೀಳಲಿಲ್ಲ. ಕಿವಿ ಸರಿಯಿದ್ದೂ ಕಿವಿ ನೋಯುವವರನ್ನು ದಂತವೈದ್ಯರ ಬಳಿಗೂ ಕಳಿಸುವ ಇಂದಿನ ಪದ್ಧತಿಯ ಹಿಂದೆ ಕಾಸ್ಟೆನ್ ಇದ್ದಾರೆ.

ಹುಟ್ಟಿನ ಕಿಂಡಿಯಿಲ್ಲದವರಿಗೂ ಗೋಡೆ ಒಡೆಯುವುದುಂಟು. ಬೈಕಿನಿಂದ ಬಿದ್ದು ಗದ್ದಕ್ಕೆ ಪೆಟ್ಟಾದರೆ ದವಡೆಯ ತಲೆ ಹಿಂದಕ್ಕೆ ನುಗ್ಗಿ ಗೋಡೆಯನ್ನೇ ಸೀಳಬಹುದು. ಪೆಟ್ಟು ಗದ್ದಕ್ಕೆ, ರಕ್ತ ಕಿವಿಯಿಂದ. ಇದನ್ನು ನೋಡಿ ತಲೆಬುರುಡೆಯ ತಳವೇ ಒಡೆದಿದೆಯೆಂದು ಭಾವಿಸುವುದುಂಟು. ವಿಕಿರಣ ಚಿಕಿತ್ಸೆಯಿಂದ ಮೂಳೆ ಸತ್ತು, ಸೋಂಕು ತಿಂದು, ಕಿವಿನಾಳ ಅಗಲಿಸುವ ಶಸ್ತ್ರಕ್ರಿಯೆಯಲ್ಲಿ ಮುಂಗೋಡೆಯನ್ನು ಹೆಚ್ಚು ಉಜ್ಜಿ, ಹೀಗೆ ಕಾರಣ ಹಲವು. ಕಿಂಡಿ ಇಬ್ಬದಿಗೂ ದಾರಿ ಎಂಬುದನ್ನು ಮರೆಯಬಾರದು. 1975ರಲ್ಲಿ ಜಪಾನಿನ ಒನಿಶಿ ದವಡೆ ಕೀಲಿನೊಳಗೆ ಸಣ್ಣ ದೂರ್ಬೀನು ಇಳಿಸಿ ನೋಡುವ ವಿಧಾನವನ್ನು ವರದಿ ಮಾಡಿದರು. ಆ ಶಸ್ತ್ರಕ್ರಿಯೆಯ ಅಪಾಯಗಳಲ್ಲೊಂದು, ಸಲಕರಣೆ ದಾರಿ ತಪ್ಪಿ ಕಿವಿನಾಳ ಹೊಕ್ಕು ತಮಟೆ ಹರಿಯುವುದು. ಕಿಂಡಿಯಿದ್ದರೆ ಆ ದಾರಿ ಮೊದಲೇ ತೆರೆದಿರುತ್ತದೆ.

ಚಿಕಿತ್ಸೆಯ ಮಾತು ಚಿಕ್ಕದು. ತೊಂದರೆ ಕೊಡದ ಉಬ್ಬನ್ನು ಮುಟ್ಟಬೇಕಿಲ್ಲ. ಅದು ಏನೆಂದು ರೋಗಿಗೆ ತಿಳಿದಿದ್ದು, ಮುಂದೆ ಯಾರಾದರೂ ಕತ್ತರಿಸಲು ಹೊರಟರೆ ತಡೆಯಲು ಗೊತ್ತಿದ್ದರೆ ಸಾಕು. ಹಲ್ಲು ಕಡಿಯುವವರಿಗೆ ರಾತ್ರಿ ಹಾಕಿಕೊಳ್ಳುವ ಹಲ್ಲಿನ ಕವಚ ಕೀಲಿನ ಭಾರ ಇಳಿಸುತ್ತದೆ. ನೋವು, ಸೋರುವಿಕೆ, ಕಿವುಡು ಬಿಡದೆ ಕಾಡಿದರೆ ಶಸ್ತ್ರಕ್ರಿಯೆ: ಉಬ್ಬನ್ನು ಹಿಂದಕ್ಕೆ ತಳ್ಳಿ ಕಿಂಡಿಗೆ ತೇಪೆ. ಬಹಳ ಸಲ ತೇಪೆಯ ಬಟ್ಟೆ ರೋಗಿಯ ಕಿವಿಯ ಮುಂದಿನ ಎಸಳಿನ ಮೃದ್ವಸ್ಥಿಯೇ. ಕೆಲವರು ಟೈಟಾನಿಯಂ ಜಾಲರಿ ಬಳಸುತ್ತಾರೆ. ಪ್ರಕರಣಗಳು ಇಷ್ಟು ವಿರಳವಾಗಿರುವಾಗ ಯಾವ ತೇಪೆ ಮೇಲೆಂದು ಪಂಥ ಕಟ್ಟುವುದು ವ್ಯರ್ಥ.

ಗಾಯ ಮಾಯುವವರೆಗೆ ಗಂಜಿ, ಮೆತ್ತನ್ನ, ಮುದ್ದೆ. ಕಡಕ್ ರೊಟ್ಟಿಯೂ ನಿಪ್ಪಟ್ಟೂ ಡಬ್ಬಿಯಲ್ಲೇ ಇರಲಿ. ಕೆಲವು ವಾರಗಳ ಬಳಿಕ ರೋಗಿ ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತಾರೆ, ಎಂಡೋಸ್ಕೋಪಿನ ಬೆಳಕು ಒಳಗಿಳಿಯುತ್ತದೆ. ಈ ಸಲ “ಅಲ್ಲಾಡಬೇಡಿ” ಎನ್ನುವವರಿಲ್ಲ. “ತೆಗೀರಿ, ಮುಚ್ಚಿ, ಇನ್ನೊಮ್ಮೆ” ಎನ್ನುತ್ತಾ ವೈದ್ಯರು ಪರದೆ ನೋಡುತ್ತಾರೆ, ಕತ್ತು ತಿರುಗಿಸದೆ ರೋಗಿಯೂ ಓರೆಗಣ್ಣಿನಲ್ಲಿ ಅದನ್ನೇ ನೋಡುತ್ತಾರೆ. ದವಡೆ ಏರಿಳಿಯುತ್ತಿದೆ, ಮುಂಗೋಡೆ ಕದಲಿಲ್ಲ.